ಇಂಗ್ಲಿಷಿನ ಜೋಡಿಕ್ರಿಯೆಗಳು

ಇಂಗ್ಲಿಷ್ ಕಲಿಯುವ ನಮ್ಮ ವಿದ್ಯಾರ್ಥಿಗಳಲ್ಲಿ ಆಶ್ಚರ್ಯಕರವಾದ ಸಂಗತಿಯೊಂದು ಕಾಣಬರುತ್ತದೆ. ‘ಟಾಲರೇಟ್’ ಎಂದರೇನೆಂದು ಕೇಳಿದರೆ, ಸಹಿಸುವುದು ಎಂದು ತಡೆಯಿಲ್ಲದೆ ಉತ್ತರ ಬರುತ್ತದೆ. ‘ಎಕ್ಸ್‌ಟಿಂಗ್ವಿಷ್’ ಎಂದರೆ ನಂದಿಸುವುದು, ‘ಪೋಸ್ಟ್‌ಪೋನ್’ ಎಂದರೆ ಮುಂದಕ್ಕೆ ಹಾಕುವುದು. ಇವುಗಳ ಅರ್ಥವೂ ಕಾಗುಣಿತವೂ ಅವರಿಗೆ ಬಾಯಿಪಾಠ. ಆದರೆ ಇದೇ ಮೂರು ಅರ್ಥಗಳುಳ್ಳ ‘ಪುಟ್ ಅಪ್ ವಿತ್’, ‘ಪುಟ್ ಔಟ್’, ‘ಪುಟ್ ಆಫ್’ ಎಂಬ ಮಾತುಗಳನ್ನು ಮುಂದಿಟ್ಟರೆ ತರಗತಿಯು ಮೌನವಾಗುತ್ತದೆ. ಕಠಿಣವಾದುದು ಬಂದು ಸುಲಭವಾದುದು ಬಾರದಿರುವುದು ಹೇಗೆ? ಈ ‘ಪುಟ್’, ‘ಅಪ್’, ‘ಔಟ್’ಗಳನ್ನು ಅವರು ಇಂಗ್ಲಿಷಿನ ಮೊದಲನೆಯ ಪುಸ್ತಕದಲ್ಲಿಯೇ ಓದಿದವರು. ಬಿಡಿಬಿಡಿಯಾಗಿ ಎಲ್ಲವೂ ಪರಿಚಿತ. ಕೂಡಿದೊಡನೆ ಎಲ್ಲವೂ ಅಪರಿಚಿತ.

ಇಂಥ ಕೂಟಕ್ಕೆ ಇಂಗ್ಲಿಷ್ ವ್ಯಾಕರಣದಲ್ಲಿ ‘ಫ್ರೇಜ಼ಲ್ ವರ್ಬ್’ ಎಂದು ಹೆಸರು. ಒಂದು ಸಣ್ಣ ಕ್ರಿಯಾಪದದ ಬೆನ್ನಿಗೆ ಒಂದೆರಡು ಅವ್ಯಯಗಳು ಬಂದು ನಿಂತು, ಎಲ್ಲವೂ ಸೇರಿ ಒಂದೇ ಅರ್ಥವನ್ನು ಕೊಡುವುದೇ ಇದರ ಲಕ್ಷಣ. ನಾವು ಇದನ್ನು ಜೋಡಿಕ್ರಿಯೆ ಎಂದು ಕರೆಯೋಣ. ಹೆಸರು ಹಳೆಯದಲ್ಲ, ಲೋಗನ್ ಪಿಯರ್‌ಸಾಲ್ ಸ್ಮಿತ್ ಎಂಬ ಲೇಖಕರು 1925ರಲ್ಲಿ ಪ್ರಕಟಿಸಿದ ‘ವರ್ಡ್ಸ್ ಅಂಡ್ ಈಡಿಯಮ್ಸ್’ ಎಂಬ ಪುಸ್ತಕದಿಂದ ಅದು ಬಳಕೆಗೆ ಬಂದಿತು. ಆಕ್ಸ್‌ಫರ್ಡ್ ನಿಘಂಟಿನ ಸಂಪಾದಕರೊಳಗೊಬ್ಬರಾದ ಹೆನ್ರಿ ಬ್ರಾಡ್ಲಿಯವರು ಆ ಹೆಸರನ್ನು ತಮಗೆ ಸೂಚಿಸಿದರೆಂದು ಅವರೇ ಹೇಳಿದ್ದಾರೆ. ಆದರೆ ವಸ್ತು ಬಹು ಹಳೆಯದು. 1755ರಲ್ಲಿ ಡಾಕ್ಟರ್ ಜಾನ್ಸನ್ನರು ತಮ್ಮ ಪ್ರಸಿದ್ಧವಾದ ನಿಘಂಟನ್ನು ಹೊರತಂದಾಗ, ಅದರ ಪೀಠಿಕೆಯಲ್ಲಿ ಈ ಕೂಟಗಳನ್ನು ಪ್ರತ್ಯೇಕವಾಗಿ ಎತ್ತಿ ಹೇಳಿ, ವಿದೇಶೀಯರಿಗೆ ಅತಿಶಯವಾದ ತೊಡಕುಂಟಾಗುವುದು ಇವುಗಳಿಂದಲೇ ಎಂದು ಬರೆದಿದ್ದಾರೆ. ಆದುದರಿಂದ ನಮ್ಮ ಹುಡುಗರ ಕಷ್ಟವು ನಮ್ಮ ಹುಡುಗರದು ಮಾತ್ರವೇ ಅಲ್ಲ.

ಆದರೂ ನಮ್ಮ ಕಷ್ಟಕ್ಕೆ ಒಂದು ವಿಶೇಷವಾದ ಕಾರಣವುಂಟು. ಇಂಗ್ಲೆಂಡಿನಲ್ಲಿ ಭಾಷೆಯು ಎರಡು ಪದರಗಳಾಗಿ ಬೆಳೆಯಿತು. 1066ರಲ್ಲಿ ನಾರ್ಮನರು ಆ ದೇಶವನ್ನು ಗೆದ್ದ ಮೇಲೆ ಆಸ್ಥಾನಕ್ಕೂ ನ್ಯಾಯಸ್ಥಾನಕ್ಕೂ ಫ್ರೆಂಚು ಬಂದಿತು. ವಿದ್ವಾಂಸರಿಗೆ ಲ್ಯಾಟಿನ್ ಇದ್ದೇ ಇತ್ತು. ಒಲೆಯ ಮುಂದೆ, ಹೊಲದಲ್ಲಿ, ತೊಟ್ಟಿಲ ಬಳಿಯಲ್ಲಿ ಮಾತ್ರ ಹಳೆಯ ಮನೆಮಾತೇ ಉಳಿಯಿತು. ಇಂದಿಗೂ ಇಂಗ್ಲಿಷಿನವರು ಗ್ರಂಥ ಬರೆಯುವಾಗ ಲ್ಯಾಟಿನ್ ಮೂಲದ ಪದಗಳನ್ನು ಹೆಚ್ಚಾಗಿ ಬಳಸುತ್ತಾರೆ; ಮನೆಯಲ್ಲಿ ಹೆಂಡತಿಮಕ್ಕಳೊಡನೆ ಆಡುವಾಗ ‘ಪುಟ್’, ‘ಗೆಟ್’, ‘ಟೇಕ್’, ‘ಗೋ’, ‘ಕಮ್’ ಎಂಬ ಚಿಕ್ಕ ಮಾತುಗಳಿಗೆ ಬಾಲ ಕಟ್ಟಿ ಕೆಲಸವನ್ನು ನಡೆಸಿಕೊಳ್ಳುತ್ತಾರೆ. ನಮಗಾದರೋ ಇಂಗ್ಲಿಷು ಒಲೆಯ ಕಡೆಯಿಂದ ಬರಲಿಲ್ಲ. 1835ರ ಮೆಕಾಲೆಯ ಟಿಪ್ಪಣಿಯ ತರುವಾಯ ಅದು ಪಾಠಶಾಲೆಯ ಪುಸ್ತಕವಾಗಿ, ಕಚೇರಿಯ ಕಾಗದವಾಗಿ, ಕೋರ್ಟಿನ ತೀರ್ಪಾಗಿ ಬಂದಿತು. ಮೇಲಿನ ಪದರವನ್ನು ನಾವು ಶ್ರದ್ಧೆಯಿಂದ ಕಲಿತೆವು. ಕೆಳಗಿನ ಪದರವನ್ನು ಕಲಿಸಬಲ್ಲ ಅಜ್ಜಿಯಾಗಲಿ ನೆರೆಮನೆಯವರಾಗಲಿ ನಮಗಿರಲಿಲ್ಲ. ಇದರ ಫಲವಾಗಿ, ನಾಟಕದ ಗದ್ಯಪದ್ಯಗಳಿಗೆ ಟೀಕೆ ಬರೆಯಬಲ್ಲ ಪದವೀಧರನು ಇಂಗ್ಲಿಷ್ ಅಡಿಗೆಮನೆಯಲ್ಲಿ ಐದು ವರ್ಷದ ಕೂಸಿನ ಮಾತನ್ನು ತಿಳಿಯಲಾರದೆ ನಿಲ್ಲುತ್ತಾನೆ. ತನ್ನ ಬುದ್ಧಿಯೇ ಮಂದವೆಂದು ಅವನು ಕುಗ್ಗುವುದುಂಟು. ಅದು ಬುದ್ಧಿಯ ದೋಷವಲ್ಲ, ಭಾಷೆಯು ನಮ್ಮಲ್ಲಿಗೆ ಬಂದ ದಾರಿಯ ಫಲ.

ಇಷ್ಟಾಗಿ, ಈ ತತ್ತ್ವವು ನಮಗೆ ಹೊಸದೇ? ಸಂಸ್ಕೃತದ ಗಂಧವಿರುವ ಯಾರಿಗೂ ‘ಹೃ’ ಎಂಬ ಧಾತುವಿನ ಕಥೆ ಗೊತ್ತು. ಅದಕ್ಕೆ ‘ಆ’ ಸೇರಿದರೆ ಆಹಾರ, ‘ವಿ’ ಸೇರಿದರೆ ವಿಹಾರ, ‘ಸಂ’ ಸೇರಿದರೆ ಸಂಹಾರ, ‘ಪ್ರ’ ಸೇರಿದರೆ ಪ್ರಹಾರ, ‘ಪರಿ’ ಸೇರಿದರೆ ಪರಿಹಾರ. ಊಟಕ್ಕೂ ಕೊಲೆಗೂ ನಡುವೆ ಇರುವುದು ಒಂದು ಉಪಸರ್ಗ! ‘ಪೋಸ್ಟ್‌ಪೋನ್’ ಎಂಬ ಗಂಭೀರವಾದ ಪದವನ್ನು ಬಿಚ್ಚಿ ನೋಡಿದರೂ ಇದೇ ಕಾಣುತ್ತದೆ. ಲ್ಯಾಟಿನ್ನಿನಲ್ಲಿ ‘ಪೋಸ್ಟ್’ ಎಂದರೆ ಆಮೇಲೆ, ‘ಪೋನ್’ ಎಂಬುದು ಇಡು ಎಂಬರ್ಥದ ಧಾತು. ರೋಮಿನವರು ಅಂಟಿಸಿ ಹೇಳಿದ್ದನ್ನು ಇಂಗ್ಲಿಷಿನವರು ‘ಪುಟ್ ಆಫ್’ ಎಂದು ಬಿಡಿಸಿ ಹೇಳುತ್ತಾರೆ. ಸಂಸ್ಕೃತದಲ್ಲಿ ಉಪಸರ್ಗವು ಧಾತುವಿನ ಮುಂದೆ ಅಂಟಿಕೊಳ್ಳುತ್ತದೆ. ಇಂಗ್ಲಿಷಿನಲ್ಲಿ ಹಿಂದೆ ನಿಲ್ಲುತ್ತದೆ, ಕೆಲವು ವೇಳೆ ದೂರಕ್ಕೂ ಸರಿಯುತ್ತದೆ. ವೇದದ ಭಾಷೆಯಲ್ಲಿ ಉಪಸರ್ಗವು ಧಾತುವನ್ನು ಬಿಟ್ಟು ವಾಕ್ಯದಲ್ಲಿ ಬೇರೊಂದು ಕಡೆ ನಿಲ್ಲುವುದುಂಟೆಂಬುದನ್ನು ಬಲ್ಲವರಿಗೆ ಇದೂ ಅಷ್ಟು ವಿಚಿತ್ರವೆನಿಸಲಾರದು.

ಹಾಗಿದ್ದರೂ ನಮಗೆ ಹೆಚ್ಚು ಸಹಾಯವಾಗುವುದು ಸಂಸ್ಕೃತವಲ್ಲ, ಮನೆಯ ಕನ್ನಡವೇ ಎಂಬುದು ನನ್ನ ಅಭಿಪ್ರಾಯ. ‘ಮಗುವನ್ನು ನೋಡು’ ಎಂಬುದಕ್ಕೂ ‘ಮಗುವನ್ನು ನೋಡಿಕೋ’ ಎಂಬುದಕ್ಕೂ ಇರುವ ವ್ಯತ್ಯಾಸವನ್ನು ಕನ್ನಡಿಗರಿಗೆ ಯಾರೂ ಕಲಿಸಬೇಕಾಗಿಲ್ಲ. ಮೊದಲನೆಯದು ಕಣ್ಣಿನ ಕೆಲಸ, ಎರಡನೆಯದು ಹೊಣೆ. ‘ಲುಕ್ ಅಟ್’, ‘ಲುಕ್ ಆಫ್ಟರ್’ ಎಂಬುವುಗಳ ವ್ಯತ್ಯಾಸವೂ ಅದೇ. ‘ಹೇಳು’ ಎಂಬ ಒಂದೇ ಮಾತಿನಿಂದ ಹೇಳಿಕೊಡು, ಹೇಳಿಕೋ, ಹೇಳಿಬಿಡು, ಹೇಳಿಕಳುಹಿಸು, ಹೇಳಿನೋಡು ಎಂದು ಎಷ್ಟು ಕವಲುಗಳು! ‘ಹೇಳಿಕೊಡು’ ಎಂದರೆ ಹೇಳಿ, ಆಮೇಲೆ ಏನನ್ನೋ ಕೊಡು ಎಂದಲ್ಲವಷ್ಟೆ. ‘ಬಿಟ್ಟುಕೊಡು’ ಎಂಬುದರಲ್ಲಿ ಬಿಡುವುದೂ ಕೊಡುವುದೂ ಕೂಡಿ, ಹಠವನ್ನು ಸಡಿಲಿಸುವುದೆಂಬ ಮೂರನೆಯ ಅರ್ಥ ಹುಟ್ಟಿದೆ. ‘ಗಿವ್ ಇನ್’ ಎಂದರೆ ಇದೇ. ದಾರಿಯಲ್ಲಿ ಮೋಟಾರು ‘ಕೈಕೊಟ್ಟಿತು’ ಎಂದು ನಾವು ಹೇಳಿದರೆ, ನಿಘಂಟನ್ನು ಹಿಡಿದು ಕೂತ ವಿದೇಶೀಯನು ಮೋಟಾರಿಗೆ ಕೈಯೆಲ್ಲಿಯದೆಂದು ಹುಡುಕಬೇಕು. ‘ಬ್ರೇಕ್ ಡೌನ್’ ಎಂಬುದನ್ನು ಕೇಳಿ, ಮುರಿದು ಕೆಳಗೆ ಬಿದ್ದಿತೋ ಎಂದು ನಾವು ಬೆರಗಾಗುವುದೂ ಇದೇ ಬಗೆಯದು.

ನಮ್ಮಲ್ಲಿ ಕ್ರಿಯೆಗೆ ಕ್ರಿಯೆ ಸೇರುತ್ತದೆ, ಅವರಲ್ಲಿ ಕ್ರಿಯೆಗೆ ಅವ್ಯಯ ಸೇರುತ್ತದೆ; ಭೇದ ಇಷ್ಟೇ. ಆದುದರಿಂದ ಜೋಡಿಕ್ರಿಯೆಯನ್ನು ಇಂಗ್ಲಿಷಿನ ಇನ್ನೊಂದು ದೊಡ್ಡ ಪದದಿಂದ ಅರ್ಥಮಾಡಿಕೊಳ್ಳುವುದಕ್ಕಿಂತ, ನಮ್ಮ ಮನೆಯ ಕೂಡುಮಾತಿನಿಂದ ಹಿಡಿಯುವುದು ಒಳ್ಳೆಯದು. ‘ಈಟ್’ ಎಂದರೆ ತಿನ್ನು, ‘ಈಟ್ ಅಪ್’ ಎಂದರೆ ತಿಂದುಬಿಡು. ‘ಟೇರ್’ ಹರಿ, ‘ಟೇರ್ ಅಪ್’ ಹರಿದುಹಾಕು. ‘ಡ್ರೈ’ ಒಣಗು, ‘ಡ್ರೈ ಅಪ್’ ಬತ್ತಿಹೋಗು. ಈ ‘ಅಪ್’ ಎಂಬುದಕ್ಕೆ ಇಲ್ಲೆಲ್ಲ ಮೇಲೆ ಎಂಬರ್ಥವಿಲ್ಲ. ಕೆಲಸವು ಪೂರ್ತಿಯಾಯಿತೆಂಬ ಅರ್ಥ. ನಮ್ಮ ‘ಬಿಡು’, ‘ಹಾಕು’, ‘ಹೋಗು’ಗಳು ಮಾಡುವುದೂ ಅದನ್ನೇ. ‘ಪುಟ್’ ಎಂದರೆ ಇಡು; ‘ಪುಟ್ ಅವೇ’ ಎಂದರೆ ಎತ್ತಿಡು. ‘ಸೇವ್ ಅಪ್’ ಕೂಡಿಡು. ‘ರೈಟ್ ಡೌನ್’ ಬರೆದುಕೋ. ಬಟ್ಟೆಯಂಗಡಿಯಲ್ಲಿ ‘ಟ್ರೈ ಇಟ್ ಆನ್’ ಎಂದರೆ ತೊಟ್ಟು ನೋಡಿರಿ ಎಂದು. ಇದಕ್ಕಿಂತ ಸರಿಯಾದ ಭಾಷಾಂತರವನ್ನು ಯಾವ ಕೋಶಕಾರರು ತಾನೆ ಕೊಟ್ಟಾರು?

ಈಗ ಒಂದು ಇಂಗ್ಲಿಷ್ ಮನೆಯ ಬೆಳಗನ್ನು ಕಲ್ಪಿಸಿಕೊಳ್ಳೋಣ. ಮಾತುಗಳನ್ನು ಪಟ್ಟಿಮಾಡಿ ಓದುವುದಕ್ಕಿಂತ ಅವು ಹುಟ್ಟುವ ಸ್ಥಳದಲ್ಲಿಯೇ ಅವನ್ನು ಕೇಳುವುದು ಲೇಸು. ಯಜಮಾನನು ಹೇಳುತ್ತಾನೆ: ‘ಐ ವೋಕ್ ಅಪ್ ಅಟ್ ಫೈವ್, ಬಟ್ ಐ ಗಾಟ್ ಅಪ್ ಅಟ್ ಸೆವೆನ್.’ ಎಚ್ಚರವಾದದ್ದು ಐದಕ್ಕೆ, ಹಾಸಿಗೆ ಬಿಟ್ಟದ್ದು ಏಳಕ್ಕೆ. ಸೋಮಾರಿತನದ ಎರಡು ಗಂಟೆಗಳೆಲ್ಲವೂ ‘ವೇಕ್ ಅಪ್’ ಮತ್ತು ‘ಗೆಟ್ ಅಪ್’ ಎಂಬುವುಗಳ ನಡುವೆ ಅಡಗಿವೆ. ಹೆಂಡತಿಯು ‘ಪುಟ್ ದ ಕೆಟಲ್ ಆನ್’ ಎನ್ನುತ್ತಾಳೆ. ಚಹಾಕ್ಕೆ ನೀರಿಡು ಎಂದು. ‘ವಿ ಹ್ಯಾವ್ ರನ್ ಔಟ್ ಆಫ್ ಶುಗರ್’, ಸಕ್ಕರೆ ಮುಗಿದುಹೋಗಿದೆ. ಇಲ್ಲಿ ಓಡಿದವರು ಯಾರೂ ಇಲ್ಲ; ಡಬ್ಬಿಯಿಂದ ಸಕ್ಕರೆಯೇ ಹೊರಟುಹೋಗಿದೆ ಎಂದು ಭಾವಿಸಿದರೆ ಮಾತು ನೆನಪಿನಲ್ಲಿ ನಿಲ್ಲುತ್ತದೆ. ಮಗನು ರೇಡಿಯೋವನ್ನು ಜೋರಾಗಿ ಹಾಕಿದ್ದಾನೆ. ‘ಟರ್ನ್ ಇಟ್ ಡೌನ್’ ಎಂದರೆ ಸದ್ದು ತಗ್ಗಿಸು ಎಂದು, ‘ಟರ್ನ್ ಇಟ್ ಆಫ್’ ಎಂದರೆ ನಿಲ್ಲಿಸಿಯೇ ಬಿಡು ಎಂದು. ಆದರೆ ಅದೇ ಮಗನು ದೊಡ್ಡವನಾಗಿ ಕೆಲಸಕ್ಕೆ ಅರ್ಜಿ ಹಾಕಿದಾಗ ‘ದೇ ಟರ್ನ್ಡ್ ಹಿಮ್ ಡೌನ್’ ಎಂದರೆ ಅವನನ್ನು ಬೇಡವೆಂದರು ಎಂದರ್ಥ. ಹೊರಗೆ ಮಳೆ, ‘ಲೆಟ್ ಅಸ್ ವೇಟ್ ಟಿಲ್ ಇಟ್ ಲೆಟ್ಸ್ ಅಪ್’, ಮಳೆ ಬಿಡುವವರೆಗೆ ಕಾಯೋಣ. ಮಳೆ ಬಿಡುವುದು ಕನ್ನಡದಲ್ಲಿಯೂ ‘ಬಿಡು’ವೇ, ಇಂಗ್ಲಿಷಿನಲ್ಲಿಯೂ ‘ಲೆಟ್’ ಎಂಬ ಬಿಡುವೇ; ಇಂಥ ಸಾಮ್ಯವನ್ನು ಕಂಡಾಗ ಭಾಷಾಪ್ರಿಯರಿಗೆ ಆಗುವ ಸಂತೋಷವನ್ನು ಹೇಳತೀರದು. ಕಡೆಗೆ ‘ಹರಿ ಅಪ್’ ಎಂದು ಒಬ್ಬರನ್ನೊಬ್ಬರು ಅವಸರಪಡಿಸಿ ಎಲ್ಲರೂ ‘ಸೆಟ್ ಆಫ್’ ಆಗುತ್ತಾರೆ, ಎಂದರೆ ಹೊರಡುತ್ತಾರೆ.

ಇದೇ ಮನೆಯಲ್ಲಿ ‘ಗೋ ಆಫ್’ ಎಂಬ ಒಂದು ಮಾತು ಏನೇನು ಆಟವಾಡುತ್ತದೆಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ‘ದ ಅಲಾರಂ ವೆಂಟ್ ಆಫ್’ ಎಂದರೆ ಗಡಿಯಾರದ ಗಂಟೆ ಬಾರಿಸಿತು. ‘ದ ಲೈಟ್ಸ್ ವೆಂಟ್ ಆಫ್’ ಎಂದರೆ ದೀಪಗಳು ಆರಿಹೋದವು. ಒಂದು ಕಡೆ ಆರಂಭ, ಇನ್ನೊಂದು ಕಡೆ ಮುಕ್ತಾಯ! ‘ದ ಮಿಲ್ಕ್ ಹ್ಯಾಸ್ ಗಾನ್ ಆಫ್’ ಎಂದರೆ ಹಾಲು ಕೆಟ್ಟುಹೋಗಿದೆ. ‘ದ ಗನ್ ವೆಂಟ್ ಆಫ್’ ಎಂದರೆ ಬಂದೂಕು ಹಾರಿತು. ಇವನ್ನು ನಾಲ್ಕು ಬೇರೆ ಬೇರೆ ಅರ್ಥಗಳೆಂದು ಉರು ಹೊಡೆಯುವವನು ಐದನೆಯದು ಬಂದಾಗ ಮತ್ತೆ ಸೋಲುತ್ತಾನೆ. ‘ಆಫ್’ ಎಂಬುದರ ಮೂಲಚಿತ್ರವು ಒಂದೇ: ಅಂಟಿಕೊಂಡಿದ್ದುದು ಕಳಚಿಕೊಳ್ಳುವುದು. ಬಿಗಿದಿದ್ದ ಅಲಾರಮಿನ ಕೀಲು ತನ್ನ ಹಿಡಿತದಿಂದ ಕಳಚಿಕೊಂಡಿತು, ಆದುದರಿಂದ ಗಂಟೆ ಹೊಡೆಯಿತು. ಬಂದೂಕಿನ ಕುದುರೆಯೂ ಹಾಗೆಯೇ. ದೀಪವು ಬೆಳಗುವ ಸ್ಥಿತಿಯಿಂದ ಕಳಚಿಕೊಂಡಿತು, ಆರಿತು. ಹಾಲು ತನ್ನ ಒಳ್ಳೆಯ ಸ್ಥಿತಿಯನ್ನು ಬಿಟ್ಟಿತು, ಕೆಟ್ಟಿತು. ‘ಪುಟ್ ಆಫ್’, ‘ಕಾಲ್ ಆಫ್’, ‘ಕಟ್ ಆಫ್’, ‘ಟೇಕ್ ಆಫ್’ ಎಂಬುವುಗಳೆಲ್ಲಕ್ಕೂ ಈ ಚಿತ್ರವೇ ಬೇರು. ಸಭೆಯನ್ನು ‘ಪುಟ್ ಆಫ್’ ಮಾಡಿದರೆ ಅದು ಗೊತ್ತಾದ ದಿನದಿಂದ ಕಳಚಿ ಮುಂದಕ್ಕೆ ಹೋಯಿತು. ‘ಕಾಲ್ ಆಫ್’ ಮಾಡಿದರೆ ರದ್ದಾಯಿತು. ವಿಮಾನವು ನೆಲದಿಂದ ಕಳಚಿಕೊಂಡು ಏರುವುದೂ ‘ಟೇಕ್ ಆಫ್’, ಕಾಲಿನಿಂದ ಪಾದರಕ್ಷೆಯನ್ನು ಕಳಚುವುದೂ ‘ಟೇಕ್ ಆಫ್’.

ಎಲ್ಲ ಜೋಡಿಕ್ರಿಯೆಗಳಿಗೂ ಹೀಗೆ ಬೀಗದಕೈ ದೊರೆಯುವುದೆಂದು ನಾನು ಆಸೆ ಹುಟ್ಟಿಸಲಾರೆ. ‘ಪುಟ್ ಅಪ್ ವಿತ್’ ಎಂದರೆ ಸಹಿಸು ಎಂದೇಕಾಯಿತೆಂದು ವಿದ್ವಾಂಸರು ಏನನ್ನೇ ಹೇಳಲಿ, ಕಲಿಯುವವನಿಗೆ ಅದರಿಂದ ಪ್ರಯೋಜನ ಕಡಮೆ. ‘ಐ ಕ್ಯಾನ್‌ನಾಟ್ ಪುಟ್ ಅಪ್ ವಿತ್ ದಿಸ್ ನಾಯ್ಸ್’, ಈ ಗಲಾಟೆಯನ್ನು ನಾನು ಸಹಿಸಲಾರೆ, ಎಂಬ ವಾಕ್ಯವನ್ನು ನಿಜವಾದ ಗಲಾಟೆಯ ನಡುವೆ ನಾಲ್ಕು ಸಾರಿ ಗಟ್ಟಿಯಾಗಿ ಆಡಿದರೆ ಸಾಕು.

ವ್ಯಾಕರಣದ ಒಂದು ಅಂಶವನ್ನು ಮಾತ್ರ ಬಿಡುವಂತಿಲ್ಲ. ‘ಹಿ ರ್‍ಯಾನ್ ಅಪ್ ಎ ಹಿಲ್’ ಎಂದರೆ ಅವನು ಗುಡ್ಡವನ್ನು ಓಡಿ ಹತ್ತಿದನು. ‘ಹಿ ರ್‍ಯಾನ್ ಅಪ್ ಎ ಬಿಲ್’ ಎಂದರೆ ಅಂಗಡಿಯಲ್ಲಿ ಸಾಲವನ್ನು ಬೆಳೆಸಿದನು. ಒಂದೇ ಒಂದು ಅಕ್ಷರದ ಅಂತರ. ಆದರೆ ಮೊದಲನೆಯದರಲ್ಲಿ ‘ಅಪ್’ ಎಂಬುದು ಗುಡ್ಡಕ್ಕೆ ಸೇರಿದುದು, ಎರಡನೆಯದರಲ್ಲಿ ಅದು ಕ್ರಿಯೆಗೆ ಸೇರಿದುದು. ಪರೀಕ್ಷೆ ಸುಲಭ. ಹೆಸರಿನ ಬದಲು ‘ಇಟ್’ ಎಂಬ ಸರ್ವನಾಮವನ್ನು ಇಟ್ಟು ನೋಡಿರಿ. ಗುಡ್ಡವಾದರೆ ‘ರ್‍ಯಾನ್ ಅಪ್ ಇಟ್’. ಸಾಲವಾದರೆ ‘ರ್‍ಯಾನ್ ಇಟ್ ಅಪ್’. ಹಾಗೆಯೇ ‘ಪುಟ್ ಇಟ್ ಆಫ್’ ಎನ್ನಬೇಕು. ‘ಪುಟ್ ಆಫ್ ಇಟ್’ ಎಂದರೆ ಇಂಗ್ಲಿಷಿನವರ ಕಿವಿಗೆ ಕಲ್ಲು ಸಿಕ್ಕಿದಂತಾಗುವುದು. ಇದಕ್ಕೆ ವಿರುದ್ಧವಾಗಿ ‘ಲುಕ್ ಆಫ್ಟರ್’ ಎಂಬುದು ಬಿಡಿಸಲಾರದ ಗಂಟು. ‘ಲುಕ್ ಆಫ್ಟರ್ ಇಟ್’ ಎಂದೇ ಆಗಬೇಕು. ಧ್ವನಿಯಲ್ಲಿಯೂ ಈ ಭೇದ ಕೇಳಿಸುತ್ತದೆ. ‘ಲುಕ್ ಇಟ್ ಅಪ್’, ನಿಘಂಟಿನಲ್ಲಿ ಹುಡುಕು, ಎನ್ನುವಾಗ ಒತ್ತು ‘ಅಪ್’ ಮೇಲೆ ಬೀಳುತ್ತದೆ. ‘ಲುಕ್ ಅಟ್ ಇಟ್’ ಎನ್ನುವಾಗ ‘ಅಟ್’ ಎಂಬುದು ಇದ್ದೂ ಇಲ್ಲದಂತೆ ಜಾರಿಹೋಗುತ್ತದೆ. ಕಣ್ಣಿನಿಂದ ಮಾತ್ರವೇ ಇಂಗ್ಲಿಷ್ ಕಲಿತವರಿಗೆ ಇದು ಎಂದಿಗೂ ತಿಳಿಯದು. ಇನ್ನೊಂದು ಪತ್ರಲೇಖಕರಿಗಾಗಿ: ‘ಲುಕ್ ಫಾರ್ವರ್ಡ್ ಟು’ ಎಂದ ಮೇಲೆ ‘ಮೀಟಿಂಗ್ ಯು’ ಬರಬೇಕು, ‘ಟು ಮೀಟ್ ಯು’ ಎಂಬುದು ನಮ್ಮಲ್ಲಿ ಎಷ್ಟೇ ರೂಢಿಯಾಗಿದ್ದರೂ ಶುದ್ಧವಲ್ಲ.

ಅವ್ಯಯವು ಹಿಂದಿನಿಂದ ಮುಂದಕ್ಕೆ ಹಾರಿದರೂ ಅಪಾಯ. ‘ಲುಕ್ ಓವರ್’ ಎಂದರೆ ಮೇಲಿನಿಂದ ಕೆಳಗಿನವರೆಗೆ ಒಮ್ಮೆ ನೋಡು. ‘ಓವರ್‌ಲುಕ್’ ಎಂದರೆ ಕಾಣದೆ ಬಿಡು, ಅಥವಾ ಕಂಡೂ ಕಾಣದಂತಿರು. ತನ್ನ ಕಾಗದಗಳನ್ನು ಪರಿಶೀಲಿಸಬೇಕೆಂದು ಮೇಲಧಿಕಾರಿಗಳಿಗೆ ಬರೆಯುವ ಗುಮಾಸ್ತನು ‘ಕೈಂಡ್ಲಿ ಓವರ್‌ಲುಕ್’ ಎಂದು ಬರೆದರೆ, ಅಧಿಕಾರಿಗಳು ಆ ಕೋರಿಕೆಯನ್ನು ಬಹು ಸುಲಭವಾಗಿ ನಡೆಸಿಕೊಟ್ಟಾರು.

ನಮ್ಮ ದೇಶದ ಇಂಗ್ಲಿಷಿನಲ್ಲಿ ಹುಟ್ಟಿದ ಕೆಲವು ಜೋಡಿಗಳೂ ಉಂಟು. ‘ಫಿಲ್ ಅಪ್ ದ ಫಾರಂ’ ಎಂದು ನಾವೆನ್ನುವುದನ್ನು ಇಂಗ್ಲೆಂಡಿನಲ್ಲಿ ‘ಫಿಲ್ ಇನ್’ ಎಂದೂ ಅಮೆರಿಕದಲ್ಲಿ ‘ಫಿಲ್ ಔಟ್’ ಎಂದೂ ಹೇಳುವರು. ಇದರಿಂದ ಯಾರಿಗೂ ಕೇಡಿಲ್ಲ. ಬಸ್ಸಿನಿಂದ ‘ಗೆಟ್ ಡೌನ್’ ಎನ್ನುವುದು ಇಳಿ ಎಂಬ ಕನ್ನಡದ ನೆರಳು. ಅವರದು ‘ಗೆಟ್ ಆಫ್’. ‘ಕೋಪ್ ಅಪ್ ವಿತ್’ ಎಂಬಲ್ಲಿ ‘ಅಪ್’ ಅನಾವಶ್ಯಕ. ‘ಕೀಪ್ ಅಪ್ ವಿತ್’ ಎಂಬುದರ ಸಹವಾಸದಿಂದ ಬಂದಿರಬೇಕು. ಸಭೆಯನ್ನು ಹಿಂದಕ್ಕೆ ತಂದುಕೊಳ್ಳುವುದಕ್ಕೆ ‘ಪ್ರೀಪೋನ್’ ಎಂದು ಹೇಳುವುದನ್ನು ಕೆಲವು ಪಂಡಿತರು ಹಳಿಯುತ್ತಾರೆ. ನನಗಾದರೋ ಅದು ಚುರುಕಾದ ಪದವೆಂದೇ ತೋರುತ್ತದೆ. ಮನೆಮಾತಿನಲ್ಲಿ ಬೇಕಾದವರು ‘ಬ್ರಿಂಗ್ ಫಾರ್ವರ್ಡ್’ ಎನ್ನಲಿ. ಆದರೆ ‘ಪಾಸ್ ಔಟ್’ ಎಂಬುದರ ವಿಚಾರ ಬೇರೆ. ‘ಐ ಪಾಸ್ಡ್ ಔಟ್ ಆಫ್ ಕಾಲೇಜ್ ಲಾಸ್ಟ್ ಇಯರ್’ ಎಂದು ನಮ್ಮ ತರುಣರು ಅರ್ಜಿಯಲ್ಲಿ ಬರೆಯುತ್ತಾರೆ. ತೇರ್ಗಡೆಯಾಗಿ ಹೊರಬಂದೆನೆಂದು ಅವರ ಅಭಿಪ್ರಾಯ. ಸೈನಿಕ ಶಾಲೆಗಳಲ್ಲಿ ಈ ಅರ್ಥ ಇಂಗ್ಲೆಂಡಿನಲ್ಲಿಯೂ ಉಂಟು. ಆದರೆ ಸಾಮಾನ್ಯವಾದ ಇಂಗ್ಲಿಷಿನವರಿಗೆ ‘ಪಾಸ್ ಔಟ್’ ಎಂದರೆ ಮೂರ್ಛೆ ಹೋಗುವುದು.

ಇಲ್ಲಿ ನಗುವುದಕ್ಕಿಂತ ಹೆಚ್ಚಿನದೊಂದು ಇದೆ. ಬ್ರಿಟನ್ನಿನಲ್ಲಿ 1948ರಲ್ಲಿ ಪ್ರಾರಂಭವಾದ ರಾಷ್ಟ್ರೀಯ ಆರೋಗ್ಯಸೇವೆಯ ಆಸ್ಪತ್ರೆಗಳಲ್ಲಿ ನಮ್ಮ ದೇಶದ ವೈದ್ಯರೂ ದಾದಿಯರೂ ಸಹಸ್ರಾರು ಮಂದಿ ದುಡಿದಿದ್ದಾರೆ, ದುಡಿಯುತ್ತಲೂ ಇದ್ದಾರೆ. ಅವರಲ್ಲಿ ಕನ್ನಡಿಗರೂ ಇದ್ದಾರೆ. ವೈದ್ಯಶಾಸ್ತ್ರದ ಭಾಷೆಯೆಲ್ಲ ಗ್ರೀಕು ಲ್ಯಾಟಿನ್ನುಗಳಿಂದ ತುಂಬಿದುದು. ಅದರಲ್ಲಿ ನಮ್ಮವರು ಯಾರಿಗೂ ಕಡಮೆಯಲ್ಲ. ಆದರೆ ರೋಗಿಯು ಶಾಸ್ತ್ರಭಾಷೆಯಲ್ಲಿ ನರಳುವುದಿಲ್ಲ. ವಾಂತಿಯಾಯಿತೆಂಬುದಕ್ಕೆ ‘ಐ ಥ್ರೂ ಅಪ್’ ಎನ್ನುತ್ತಾನೆ. ಮೈಮೇಲೆ ಗಂಧೆ ಎದ್ದರೆ ‘ಐ ಹ್ಯಾವ್ ಕಮ್ ಔಟ್ ಇನ್ ಎ ರ್‍ಯಾಷ್’ ಎನ್ನುತ್ತಾನೆ. ‘ದ ಪೇನ್ ಕಮ್ಸ್ ಆನ್ ವೆನ್ ಐ ಲೈ ಡೌನ್’ ಎಂದರೆ ಮಲಗಿದಾಗ ನೋವು ಶುರುವಾಗುತ್ತದೆ ಎಂದು. ‘ದ ಟ್ಯಾಬ್ಲೆಟ್ ವೇರ್ಸ್ ಆಫ್ ಬೈ ಮಿಡ್‌ನೈಟ್’ ಎಂದರೆ ಮಾತ್ರೆಯ ಗುಣವು ನಡುರಾತ್ರಿಯ ಹೊತ್ತಿಗೆ ಇಳಿದುಹೋಗುತ್ತದೆ ಎಂದು. ಎಂದಿನಿಂದ, ಯಾವಾಗ, ಎಷ್ಟು ಹೊತ್ತು ಎಂಬ ವೈದ್ಯನಿಗೆ ಬೇಕಾದ ಸಂಗತಿಗಳೆಲ್ಲವೂ ಈ ಸಣ್ಣ ಬಾಲಗಳಲ್ಲಿಯೇ ಇವೆ.

ಇನ್ನು ಇದನ್ನು ಯೋಚಿಸಿರಿ. ದೂರದೇಶದಲ್ಲಿ ಮಗನ ಮನೆಗೆ ಹೋದ ತಂದೆಯನ್ನು ಆಸ್ಪತ್ರೆಗೆ ಸೇರಿಸಿದೆ. ದಾದಿಯು ಮನೆಯವರಿಗೆ ಸುದ್ದಿ ಹೇಳುತ್ತಾಳೆ. ‘ಹಿ ಪಾಸ್ಡ್ ಔಟ್’ ಎಂದರೆ ಎಚ್ಚರ ತಪ್ಪಿತು. ‘ಹಿ ಪಾಸ್ಡ್ ಅವೇ’ ಎಂದರೆ ತೀರಿಕೊಂಡರು. ‘ಹಿ ಹ್ಯಾಸ್ ಕಮ್ ರೌಂಡ್’ ಎಂದರೆ ಎಚ್ಚರ ಬಂದಿದೆ. ‘ಹಿ ವಿಲ್ ಪುಲ್ ಥ್ರೂ’ ಎಂದರೆ ಬದುಕಿಕೊಳ್ಳುತ್ತಾರೆ. ‘ಔಟ್’ ಎಂದಳೋ ‘ಅವೇ’ ಎಂದಳೋ ಎಂಬುದರ ಮೇಲೆ ಒಂದು ಮನೆಯ ಆ ರಾತ್ರಿಯೆಲ್ಲ ನಿಂತಿದೆ. ಜೋಡಿಕ್ರಿಯೆಗಳನ್ನು ಗ್ರಾಮ್ಯವೆಂದು ತಿಳಿದು, ವಿದ್ಯಾರ್ಥಿಗಳ ಪ್ರಬಂಧಗಳಲ್ಲಿ ಅವನ್ನು ಕೆಂಪು ಶಾಯಿಯಿಂದ ಹೊಡೆದುಹಾಕುವ ಉಪಾಧ್ಯಾಯರಿದ್ದಾರೆ. ಅಧಿಕೃತ ಪತ್ರಗಳಲ್ಲಿ ‘ಪೋಸ್ಟ್‌ಪೋನ್’ ಇರಲಿ, ಬೇಡವೆನ್ನುವವರಾರು? ಆದರೆ ಭಾಷೆಯ ಬದುಕಿನ ಅರ್ಧಭಾಗವನ್ನು ಹುಡುಗರಿಂದ ಮರೆಮಾಡುವುದು ಸರಿಯಲ್ಲ.

ಪದಗಳು ಚಿಕ್ಕವಾದ ಮಾತ್ರಕ್ಕೆ ಕಲಿಕೆ ಸುಲಭವಾಗದೆಂಬುದಕ್ಕೆ ಇತಿಹಾಸದಲ್ಲಿ ಒಂದು ನಿದರ್ಶನವಿದೆ. 1930ರಲ್ಲಿ ಸಿ. ಕೆ. ಆಗ್ಡೆನ್ನರು ‘ಬೇಸಿಕ್ ಇಂಗ್ಲಿಷ್’ ಎಂಬ 850 ಪದಗಳ ಭಾಷೆಯನ್ನು ರಚಿಸಿದರು. ಅದರಲ್ಲಿ ಕ್ರಿಯಾಪದಗಳು ಇಪ್ಪತ್ತಕ್ಕಿಂತಲೂ ಕಡಮೆ. ಉಳಿದ ಕೆಲಸವನ್ನೆಲ್ಲ ‘ಪುಟ್’, ‘ಗೆಟ್’, ‘ಟೇಕ್’ಗಳು ಅವ್ಯಯಗಳ ಸಹಾಯದಿಂದ ಮಾಡಬೇಕು. ಪಟ್ಟಿಯೇನೋ ಚಿಕ್ಕದಾಯಿತು. ಆದರೆ ಪ್ರತಿಯೊಂದು ಜೋಡಿಯನ್ನೂ ಹೊಸ ಪದದಂತೆಯೇ ಕಲಿಯಬೇಕಾದುದರಿಂದ, ವಿದೇಶೀಯನಿಗೆ ಹೊರೆ ಇಳಿಯಲಿಲ್ಲ.

ಹಾಗಾದರೆ ಕಲಿಯುವುದು ಹೇಗೆ? ಪೇಟೆಯಲ್ಲಿ ದೊರೆಯುವ ಕೈಪಿಡಿಗಳು ‘ಬ್ರೇಕ್’ ಎಂಬುದರ ಕೆಳಗೆ ಹತ್ತು, ‘ಪುಟ್’ ಎಂಬುದರ ಕೆಳಗೆ ಇಪ್ಪತ್ತು ಎಂದು ಸಾಲಾಗಿ ಜೋಡಿಸಿರುತ್ತವೆ. ಒಂದೇ ಮುಖದ ಇಪ್ಪತ್ತು ಮಂದಿಯನ್ನು ಒಂದೇ ದಿನ ಪರಿಚಯಮಾಡಿಕೊಂಡರೆ ಮರುದಿನ ಯಾರ ಹೆಸರೂ ನೆನಪಿರಲಾರದು. ಈ ಪಟ್ಟಿಗಳ ಗತಿಯೂ ಅಷ್ಟೇ. ಸಂದರ್ಭವನ್ನು ಹಿಡಿದು ಕಲಿಯುವುದು ಉತ್ತಮ: ಈ ದಿನ ಅಡಿಗೆಮನೆ, ನಾಳೆ ಬಸ್ಸು, ನಾಡಿದ್ದು ಔಷಧದ ಅಂಗಡಿ. ದಿನಕ್ಕೆ ಮೂರು ಸಾಕು. ಅದೂ ಪುಸ್ತಕದ ವಾಕ್ಯವಲ್ಲ, ತನ್ನ ಮನೆಯಲ್ಲಿ ಆ ದಿನ ನಡೆದ ಸಂಗತಿಯ ವಾಕ್ಯ. ಮನೆಯಲ್ಲಿ ಸೀಮೆಎಣ್ಣೆಯೋ ಅನಿಲವೋ ಮುಗಿದ ದಿನ ‘ರನ್ ಔಟ್’ ಎಂಬುದನ್ನು ಕಲಿತವನು ಅದನ್ನು ಮರೆಯಲಾರ. ವಾಕ್ಯವನ್ನು ಬರೆದುಕೊಂಡು, ಅದರ ಎದುರಿಗೆ ಅದೇ ಸಂದರ್ಭದಲ್ಲಿ ತನ್ನ ತಾಯಿ ಆಡುವ ಕನ್ನಡವನ್ನು ಬರೆಯಬೇಕು, ನಿಘಂಟಿನ ಕನ್ನಡವನ್ನಲ್ಲ. ಆಮೇಲೆ ಹೆಸರಿನ ಬದಲು ಸರ್ವನಾಮವನ್ನಿಟ್ಟು ಗಟ್ಟಿಯಾಗಿ ಓದಬೇಕು. ನಿಘಂಟು ಬೇಡವೆಂದಲ್ಲ. ವಿದೇಶೀಯ ವಿದ್ಯಾರ್ಥಿಗಳಿಗಾಗಿಯೇ ಎ. ಎಸ್. ಹಾರ್ನ್‌ಬಿಯವರು ಸಂಗಡಿಗರೊಡನೆ ಸಿದ್ಧಪಡಿಸಿ 1942ರಲ್ಲಿ ಜಪಾನಿನಲ್ಲಿ ಮೊದಲು ಅಚ್ಚಾದ ಕೋಶವು, ಆಕ್ಸ್‌ಫರ್ಡಿನ ವಿದ್ಯಾರ್ಥಿ ನಿಘಂಟಾಗಿ ಇಂದಿಗೂ ಹೊಸ ಹೊಸ ಆವೃತ್ತಿಗಳಲ್ಲಿ ದೊರೆಯುತ್ತದೆ. ಅದರಲ್ಲಿ ‘ಪುಟ್’ ಎಂಬ ಪದವನ್ನು ತೆಗೆದು ಮೊದಲ ಸಾಲನ್ನು ಓದಿ ಮುಚ್ಚಿಬಿಡುವವರೇ ಬಹಳ. ಜೋಡಿಕ್ರಿಯೆಗಳಿರುವುದು ಆ ಪದದ ವಿವರಣೆಯ ಕಡೆಯಲ್ಲಿ.

ದೂರವಾಣಿಯ ಮಾತೊಂದನ್ನು ಹೇಳಿ ಮುಗಿಸುತ್ತೇನೆ. ಹಿಂದಿನ ಕಾಲದ ದೂರವಾಣಿಯಲ್ಲಿ ಕಿವಿಗಿಡುವ ಕೊಳವೆಯನ್ನು ಮಾತು ಮುಗಿದ ಮೇಲೆ ಕೊಕ್ಕೆಗೆ ತೂಗುಹಾಕಬೇಕಾಗಿತ್ತು; ಅದರಿಂದ ‘ಹ್ಯಾಂಗ್ ಅಪ್’ ಎಂದರೆ ಸಂಭಾಷಣೆಯನ್ನು ಕಡಿದುಹಾಕು ಎಂದಾಯಿತು. ಕೊಕ್ಕೆ ಹೋಗಿ, ತಂತಿಯೂ ಹೋಗಿ, ಯಂತ್ರವು ಜೇಬಿಗೆ ಬಂದಿದೆ. ಮಾತು ಮಾತ್ರ ಉಳಿದಿದೆ. ಅದರ ಪಕ್ಕದಲ್ಲಿಯೇ ‘ಹ್ಯಾಂಗ್ ಆನ್’ ಎಂಬುದೊಂದಿದೆ. ಸ್ವಲ್ಪ ತಾಳು, ಬಿಡಬೇಡ ಎಂದು ಅದರ ಅರ್ಥ. ಆಚೆಯವರು ‘ಹ್ಯಾಂಗ್ ಆನ್, ಐ ವಿಲ್ ಪುಟ್ ಯು ಥ್ರೂ’, ತಾಳಿರಿ, ನಿಮಗೆ ಬೇಕಾದವರೊಡನೆ ಸೇರಿಸಿಕೊಡುತ್ತೇನೆ, ಎಂದು ಹೇಳಿದಾಗ ನಮ್ಮವರು ಸುಮ್ಮನೆ ಕಿವಿಗೊಟ್ಟು ಕಾದಿರಬೇಕು.